ಶುಕ್ರವಾರದ ಪುಟದಲ್ಲಿ ನಮ್ಮೂರ ಟಾಕೀಸುಗಳಿಗೂ ನಾಲ್ಕು ಸಾಲು ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ 2025ರ ಹತ್ತು ಒಳ್ಳೆಯ ಕನ್ನಡ ಚಿತ್ರಗಳ ಪಟ್ಟಿ ಹಾಕಿದ್ದಿರಿ. ಕತ್ತರಿಸಿ ಇಟ್ಟುಕೊಂಡಿದ್ದೇನೆ. ನಾನು ಲೇಡೀಸ್ ಟೈಲರ್, ಕತ್ತರಿ ಯಾವಾಗಲೂ ಕೈಯಲ್ಲೇ ಇರುತ್ತದೆ. ಹತ್ತರಲ್ಲಿ ಆರು ನೋಡಿದ್ದೆ. ಆ ಆರರಲ್ಲಿ ಥಿಯೇಟರಿಗೆ ಹೋಗಿ ನೋಡಿದ್ದು ಮೂರೇ. ಉಳಿದವು ಯಾಕೆ ತಪ್ಪಿಹೋದವು ಅಂತ ಹೇಳೋಣ ಎಂದು ಈ ಕಾಗದ ಬರೆಯುತ್ತಿದ್ದೇನೆ. ಹಾಗೇ ನನ್ನ ಪಟ್ಟಿಯನ್ನೂ ಹೇಳಿಬಿಡುತ್ತೇನೆ. 'ನಿನ್ನ ಪಟ್ಟಿ ಕೇಳಿದವರು ಯಾರಮ್ಮ' ಅಂತ ಮಗಳು ನಗುತ್ತಿದ್ದಾಳೆ. ನಗಲಿ.

ದಾವಣಗೆರೆ ವಿನೋಬನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಬ್ಲೌಸ್, ಫಾಲ್ಸ್, ಜಿಗ್‌ಜ್ಯಾಗ್. ಒಂದು ಅಳತೆ ಪುಸ್ತಕ ಇಟ್ಟಿದ್ದೇನೆ. ಮುಂದಿನಿಂದ ಗಿರಾಕಿಗಳ ಅಳತೆ, ಹಿಂದಿನಿಂದ ನಾನು ನೋಡಿದ ಸಿನಿಮಾ. ಎರಡೂ ಮಧ್ಯದಲ್ಲಿ ಬಂದು ಸೇರಿದ ದಿನ ಹೊಸ ಪುಸ್ತಕ ತರುತ್ತೇನೆ. ಸಿನಿಮಾ ಹೆಸರು, ಯಾವ ಆಟ, ಯಾರ ಜೊತೆ, ಆಮೇಲೆ ಒಂದು ಮಾತು. 'ಫಿಟ್ಟಿಂಗ್ ಸರಿ ಇದೆ.' 'ತೋಳು ಉದ್ದ ಆಯ್ತು.' 'ಮೇಲೆ ಜರಿ, ಒಳಗೆ ಲೈನಿಂಗೇ ಇಲ್ಲ.' ಈ ಕೊನೇದನ್ನು ಯಾವ ಚಿತ್ರಕ್ಕೆ ಬರೆದೆ ಅಂತ ಇಲ್ಲಿ ಹೇಳುವುದಿಲ್ಲ. ಅಭಿಮಾನಿಗಳು ಅಂಗಡಿಗೆ ಬಂದು ಜಗಳ ಮಾಡಿಯಾರು.

ನಾನು ಸಿನಿಮಾ ನೋಡುವುದು ಪಂಚಾಂಗ ನೋಡಿಕೊಂಡು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ನನಗೆ ಬಿಡುವು. ಉಳಿದ ಕಾಲದಲ್ಲಿ ಹೆಚ್ಚಾಗಿ ಸೋಮವಾರ ಮಧ್ಯಾಹ್ನವೇ. ಹಾಗಾಗಿ ಶುಕ್ರವಾರ ಬಿಡುಗಡೆಯಾದದ್ದು ಸೋಮವಾರದವರೆಗೆ ಊರಲ್ಲಿ ಉಳಿದರೆ ನನ್ನ ಪುಣ್ಯ. ಎಷ್ಟೋ ಸಲ ಉಳಿದಿರುವುದಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು 'ಅಪ್ಪು'. ಹೊಸ ಚಿತ್ರ ಅಲ್ಲ, ಗೊತ್ತು. ಪುನೀತ್ ಹೀರೋ ಆಗಿ ಬಂದ ಮೊದಲ ಚಿತ್ರ, 2002ರ ಏಪ್ರಿಲ್ 26ರಂದು ಬಂದದ್ದು. ಅವರ ಐವತ್ತನೇ ಹುಟ್ಟುಹಬ್ಬಕ್ಕೆ ಅಂತ 2025ರ ಮಾರ್ಚ್ 14ಕ್ಕೆ ಮತ್ತೆ ಥಿಯೇಟರಿಗೆ ತಂದರು. 2025ರಲ್ಲಿ ದುಡ್ಡು ಕೊಟ್ಟು ಥಿಯೇಟರಿನಲ್ಲಿ ನೋಡಿದ್ದೇನೆ ಅಂದಮೇಲೆ ನನ್ನ ಲೆಕ್ಕಕ್ಕೆ ಅದು 2025ರದ್ದೇ.

2002ರಲ್ಲಿ ಅದನ್ನು ನೋಡುವಾಗ ನಾನು ಏಳು ತಿಂಗಳ ಬಸುರಿ. ಅತ್ತೆ ಬೇಡ ಅಂದರು. 'ಹೊಟ್ಟೆಯಾಗಿನ ಕೂಸಿಗೂ ಸಿಳ್ಳೆ ಕೇಳಿಸ್ಬೇಕೇನು ನಿಂಗೆ' ಅಂದರು. ಯಜಮಾನರು ಮಾತಾಡದೆ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದರು. ಆ ಹಳೇ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ತೆಗೆದು ನೋಡಿದೆ. 'ಅಪ್ಪು. ಮ್ಯಾಟ್ನಿ. ತಾಲಿಬಾನ್ ಹಾಡಿಗೆ ಕೂಸು ಒದೆಯಿತು' ಅಂತ ಬರೆದಿದ್ದೇನೆ.

ಆ ಕೂಸು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಮಾರ್ಚ್ 16ರ ಭಾನುವಾರ ಊರಿಗೆ ಬಂದಿದ್ದಳು. ಇಬ್ಬರೂ ಹೋದೆವು. ಹೌಸ್‌ಫುಲ್. ನಮ್ಮ ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಇದ್ದ. ಚಿತ್ರ ಬಂದಾಗ ಅವನು ಹುಟ್ಟಿರಲೂ ಇಲ್ಲ. ಅವನಿಗೆ ಒಂದೊಂದು ಸ್ಟೆಪ್ಪೂ ಬಾಯಿಪಾಠ, ಅಲ್ಲ, ಕಾಲುಪಾಠ. ಹೆಡ್ ಕಾನ್‌ಸ್ಟೆಬಲ್ ಮಗ, ಕಮಿಷನರ್ ಮಗಳು, ಅವರ ಪ್ರೀತಿ, ಹೊಡೆದಾಟ. ಕತೆ ಎಲ್ಲರಿಗೂ ಗೊತ್ತು. ಆದರೂ ಮೊದಲ ಸಲ ನೋಡಿದ ಹಾಗೆ ಕೂಗುತ್ತಿದ್ದರು. ಒಂದು ಹಾಡು ಮುಗಿಯಿತು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಕೂಗಲಿಲ್ಲ. ಪಕ್ಕದ ಸೀಟಿನ ಗಂಡಸು ಕರ್ಚೀಫ್ ತೆಗೆದು ಕನ್ನಡಕ ಒರೆಸಿಕೊಂಡರು. ಪುನೀತ್ ಹೋದ 2021ರ ಅಕ್ಟೋಬರ್ 29ರಂದು ನಾನು ಮಷೀನ್ ಮುಟ್ಟಿರಲಿಲ್ಲ. ಆ ದಿನ ಎಲ್ಲರಿಗೂ ನೆನಪಿಗೆ ಬಂತು ಅಂತ ಕಾಣುತ್ತದೆ.

ಹೊರಗೆ ಬರುವಾಗ ಮಗಳು ಕೇಳಿದಳು, 'ಅಮ್ಮ, ಲೆಕ್ಕಕ್ಕೆ ನಾನು ಇದನ್ನ ಎರಡನೇ ಸಲ ನೋಡಿದ್ದು ಅಲ್ವಾ?'

ಅದಾದ ಮೇಲೆ ಜುಲೈವರೆಗೆ ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಐಪಿಎಲ್ ಬಂತು. ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಿತು. ಅಲ್ಲಿಯತನಕ ಸಂಜೆ ಆಟಕ್ಕೆ ಗಂಡುಮಕ್ಕಳು ಯಾರೂ ಮನೆ ಬಿಟ್ಟು ಏಳಲಿಲ್ಲ. ಜುಲೈ 18ಕ್ಕೆ 'ಎಕ್ಕ' ಬಂತು. ಆಷಾಢ ಆದ್ದರಿಂದ ಅದಕ್ಕೆ ಹೋದೆ. ಚಿತ್ರಕ್ಕಿಂತ ಅದರ 'ಬ್ಯಾಂಗಲ್ ಬಂಗಾರಿ' ಹಾಡೇ ಜಾಸ್ತಿ ದಿನ ಓಡಿತು. ಗಣಪತಿ ಬಿಡುವ ಮೆರವಣಿಗೆಯಲ್ಲಿ ಅದನ್ನು ಕೇಳಿ ಕೇಳಿ ನನ್ನ ಮಷೀನಿನ ಪೆಡಲ್ ಕೂಡ ಅದೇ ತಾಳಕ್ಕೆ ಬಿದ್ದಿತ್ತು.

ಇನ್ನು 'ಸು ಫ್ರಮ್ ಸೋ'. ನಿಮ್ಮ ಪಟ್ಟಿಯಲ್ಲಿ ಇದು ಮೇಲಿದೆ, ಸರಿಯಾಗಿಯೇ ಇದೆ. ಆದರೆ ನನಗೆ ಅದು ಹೇಗೆ ಸಿಕ್ಕಿತು ಕೇಳಿ. ಬಂದದ್ದು ಜುಲೈ 25. ಆಷಾಢ ಮುಗಿದು ಶ್ರಾವಣ ಹುಟ್ಟಿದ ದಿನವೇ! ನನ್ನಂಥವರಿಗೆ ಇದಕ್ಕಿಂತ ಕೆಟ್ಟ ದಿನ ಇಲ್ಲ. ನಾಲ್ಕು ದಿನಕ್ಕೆ ಪಂಚಮಿ. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ. ನಲವತ್ತೆರಡು ಬ್ಲೌಸ್ ಬಾಕಿ. ಬರುವ ಗಿರಾಕಿಗಳೆಲ್ಲ 'ಅಕ್ಕ, ನೋಡಿದ್ರಾ? ರವಿಯಣ್ಣನ್ನ ನೋಡಿದ್ರಾ?' ಅಂತ ಕೇಳುವವರೇ. ಅಳತೆ ಟೇಪು ಹಿಡಿದುಕೊಂಡು ನಗುತ್ತಾ ನಿಂತರೆ ಎದೆ ಸುತ್ತಳತೆ ತೆಗೆಯುವುದು ಹೇಗೆ ಹೇಳಿ. ಒಬ್ಬಾಕೆಗೆ ಒಂದಿಂಚು ತಪ್ಪಾಗಿ ಬಿಚ್ಚಿ ಹೊಲಿದುಕೊಟ್ಟೆ.

ಲಕ್ಷ್ಮಿ ಹಬ್ಬ ಮುಗಿದ ಮೇಲಿನ ಭಾನುವಾರ, ಆಗಸ್ಟ್ 10ಕ್ಕೆ, ಅಂಗಡಿಯ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಹೋದೆ. ಹುಕ್ಕು, ಕಾಜಾ, ಕೈಹೊಲಿಗೆ ಮಾಡುವ ಹುಡುಗಿಯರು. ಹದಿನೈದು ದಿನ ತಲೆ ಎತ್ತಿರಲಿಲ್ಲ ಪಾಪ. ಮೂರನೇ ವಾರದಲ್ಲೂ ಥಿಯೇಟರ್ ತುಂಬಿತ್ತು. ದೊಡ್ಡ ಸ್ಟಾರ್ ಇಲ್ಲ. ಕಟೌಟ್ ಇಲ್ಲ, ಹಾಲಿನ ಅಭಿಷೇಕ ಇಲ್ಲ. ಜೆ.ಪಿ. ತೂಮಿನಾಡು ಅವರ ಮೊದಲ ನಿರ್ದೇಶನ. ಕತೆಯೂ ಅವರದೇ. ಅಶೋಕ ಅನ್ನುವ ಹುಡುಗನ ಪಾತ್ರವೂ ಅವರದೇ. ಆ ಅಶೋಕನಿಗೆ ಸುಲೋಚನ ಎಂಬ ಸತ್ತ ಹೆಂಗಸಿನ ದೆವ್ವ ಮೆಟ್ಟಿಕೊಂಡಿದೆ ಅಂತ ಊರಿಗೆ ಊರೇ ನಂಬುತ್ತದೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ತೆರೆ ಮೇಲೆ ಸ್ವಾಮೀಜಿ ಆಗಿ ಬಂದು ಹೋಗುತ್ತಾರೆ. ಶನೀಲ್ ಗೌತಮ್ ಅವರ ರವಿಯಣ್ಣ ಮಾತ್ರ ಬಂದು ಹೋಗುವುದಿಲ್ಲ. ಬಂದು ಕೂತುಬಿಡುತ್ತಾನೆ. ಎಲ್ಲ ಊರಲ್ಲೂ ಒಬ್ಬ ರವಿಯಣ್ಣ ಇರುತ್ತಾನೆ. ಸಾವಿಗೂ ಅವನೇ ಮುಂದು, ಮದುವೆ ಊಟ ಬಡಿಸುವುದಕ್ಕೂ ಅವನೇ. ನಮ್ಮ ಓಣಿಯವನ ಹೆಸರು ಬೇರೆ, ಅಷ್ಟೇ.

ಎಲ್ಲರೂ ಅದರ ನಗುವಿನ ಬಗ್ಗೆ ಬರೆದಿದ್ದಾರೆ. ನಿಮ್ಮವರೂ ಅದನ್ನೇ ಬರೆದರು. ನನಗೆ ಇಷ್ಟವಾದದ್ದು ಅದಲ್ಲ. ಸತ್ತವಳ ಹೆಸರು ಹೇಳಿ ಹೆದರುತ್ತಾ ನಗಿಸುತ್ತಾ ಹೋಗಿ, ಕಡೆಗೆ ಬದುಕಿರುವ ಅವಳ ಮಗಳ ಕಷ್ಟದ ಮುಂದೆ ಊರಿನ ಗಂಡಸರನ್ನು ತಂದು ನಿಲ್ಲಿಸಿದರಲ್ಲ, ಅದು. ದೆವ್ವಕ್ಕೆ ಕೊಟ್ಟಷ್ಟು ಮರ್ಯಾದೆ ಬದುಕಿರೋ ಹೆಂಗಸಿಗೆ ಕೊಟ್ಟಿದ್ದರೆ ಸಾಕಿತ್ತು ಅಂತ ನಮ್ಮ ಕಾಜಾ ಮಾಡುವ ಹುಡುಗಿ ಬೆಣ್ಣೆ ದೋಸೆ ತಿನ್ನುವಾಗ ಹೇಳಿದಳು. ಅವಳು ಹೆಚ್ಚು ಮಾತಾಡುವವಳಲ್ಲ. ನಾನು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡೆ.

ಇನ್ನೊಂದು ವಿಚಾರ. ಅದರಲ್ಲಿ ಮಾತೆಲ್ಲ ಮಂಗಳೂರು ಕಡೆಯ ಕನ್ನಡ. ನಮ್ಮ ಊರಿನವರು ಒಂದು ಮಾತೂ ಬಿಡದೆ ನಕ್ಕರು. ಆಮೇಲೆ ಒಂದು ವಾರ ನಮ್ಮ ಓಣಿ ಹುಡುಗರೆಲ್ಲ 'ಎಂತ ಮಾರಾಯ' ಅಂತಲೇ ಮಾತಾಡಿದರು. ಸಂತೋಷ. ಆದರೆ ನಮ್ಮ 'ಏನ್ಲಾ', 'ಐತಿ', 'ಹೋಗ್ತೀಯೇನು' ಅನ್ನುವುದನ್ನು ಮಂಗಳೂರಿನವರು ಹೀಗೆ ಕೂತು ಕೇಳುವುದು ಯಾವಾಗ? ಸಿನಿಮಾದಲ್ಲಿ ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಮುಗಿಯಿತು. ಮಂಡಕ್ಕಿಗೂ ನರ್ಗಿಸ್ ಅಂತ ಹೆಸರಿಟ್ಟು ತಿನ್ನುವ ಊರು ಇದು. ಇಲ್ಲಿ ಕತೆ ಇಲ್ವಾ? ದುರ್ಗದವರು ಪುಣ್ಯವಂತರು. ಪುಟ್ಟಣ್ಣ ಕಣಗಾಲ್ 1972ರಲ್ಲೇ ಬಂದು ಕೋಟೆಯ ಬಂಡೆಗಳ ಮೇಲೆ 'ನಾಗರಹಾವು' ತೆಗೆದು ಹೋದರು. 2025ರ ಸೆಪ್ಟೆಂಬರಿನಲ್ಲಿ, ಅದರಲ್ಲಿ ರಾಮಾಚಾರಿ ಆಗಿದ್ದ ವಿಷ್ಣುವರ್ಧನ್ ಅವರಿಗೆ ಕರ್ನಾಟಕ ರತ್ನ ಅಂತ ಸುದ್ದಿ ಬಂದಾಗ ದುರ್ಗದ ನನ್ನ ತಂಗಿ ಫೋನ್ ಮಾಡಿ 'ನಮ್ಮ ರಾಮಾಚಾರಿಗೆ ಕೊಟ್ರು' ಅಂದಳು. ನಿಮ್ಮ ರಾಮಾಚಾರಿ ಹೇಗಾಗ್ತಾನೆ? 1997ರಲ್ಲಿ ಜಿಲ್ಲೆ ಬೇರೆ ಆಗುವತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ. 1972ರ ಲೆಕ್ಕದಲ್ಲಿ ನಮಗೂ ಪಾಲು ಬರಬೇಕು ಅಂದೆ. ಫೋನ್ ಇಟ್ಟಳು.

ಈಗ 'ಏಳುಮಲೆ' ವಿಷಯ. ಈ ಕಾಗದ ಬರೆಯಲು ಮುಖ್ಯ ಕಾರಣವೇ ಇದು.

ಸೆಪ್ಟೆಂಬರ್ 5ಕ್ಕೆ ಬಂತು. ಊರೆಲ್ಲ ಗಣಪತಿ ಗದ್ದಲ. ಎರಡನೇ ವಾರದ ಸೋಮವಾರ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಟಿಕೆಟ್ ಕೌಂಟರಿನಲ್ಲಿ ಇದ್ದವರು 'ಸ್ವಲ್ಪ ನಿಲ್ರಿ ಅಕ್ಕ, ಹತ್ತು ಜನ ಆದ್ರೆ ಆಟ ಹಾಕ್ತೀವಿ' ಅಂದರು. ಎಣಿಸಿದೆ. ಕಾಲೇಜಿನ ನಾಲ್ಕು ಹುಡುಗರು. ಗಂಡ ಹೆಂಡತಿ. ಬ್ಯಾಗು ಹಿಡಿದ ಮೆಡಿಕಲ್ ರೆಪ್ ಒಬ್ಬ. ಇಬ್ಬರು ಮುದುಕರು, ಅವರಿಗೆ ಯಾವ ಚಿತ್ರ ಅನ್ನುವುದೂ ಗೊತ್ತಿರಲಿಲ್ಲ, ಫ್ಯಾನ್ ಕೆಳಗೆ ಕೂರಲು ಬಂದಿದ್ದರು. ನಾನು ಸೇರಿ ಹತ್ತು. ಸರಿ ಅನ್ನುವಷ್ಟರಲ್ಲಿ ರೆಪ್‌ಗೆ ಫೋನ್ ಬಂತು, ಡಾಕ್ಟರು ಸಿಕ್ಕರಂತೆ, ಗಾಡಿ ಹತ್ತಿ ಹೋದ. ಒಂಬತ್ತು.

ಆಟದ ಟೈಮ್ ಆಗಿ ಹತ್ತು ನಿಮಿಷ. ಹುಡುಗರು ಹೊರಡಲು ಗಾಡಿ ಕಿಕ್ ಹೊಡೆಯುತ್ತಿದ್ದರು. ನಮ್ಮ ಅಂಗಡಿ ಮುಂದೆ ಹೂವು ಮಾರುವವಳಿಗೆ ಫೋನ್ ಮಾಡಿದೆ. 'ಟಿಕೆಟ್ ನಂದು, ಆಟೋ ದುಡ್ಡೂ ನಂದು, ಬಾ ಬೇಗ' ಅಂದೆ. ಬಂದಳು. ಬುಟ್ಟಿಯನ್ನೂ ತಂದಳು, ಅರ್ಧ ಬುಟ್ಟಿ ಸೇವಂತಿಗೆ ಉಳಿದಿತ್ತು. ಗೇಟಿನವರು ಬುಟ್ಟಿ ಒಳಗೆ ಬೇಡ ಅಂದರು. 'ಹತ್ತನೇದೋಳು ನಾನೇ ಕಣಣ್ಣ, ಬುಟ್ಟಿ ಬೇಡ ಅಂದ್ರೆ ನಾನೂ ಬರಲ್ಲ' ಅಂದಳು. ಬುಟ್ಟಿ ಬಾಲ್ಕನಿಯಲ್ಲಿ ಒಂದು ಸೀಟಿನ ಮೇಲೆ ಕೂತಿತು. ದೀಪ ಆರಿತು.

ಚಿತ್ರ ಚೆನ್ನಾಗಿತ್ತು ಸ್ವಾಮಿ. ಪುನೀತ್ ರಂಗಸ್ವಾಮಿ ಅನ್ನುವವರ ನಿರ್ದೇಶನ. ಈ ಕಡೆಯ ಹುಡುಗ, ತಮಿಳುನಾಡಿನ ಹುಡುಗಿ, ಮಲೆ ಮಹದೇಶ್ವರ ಬೆಟ್ಟದ ಸೀಮೆ. ವೀರಪ್ಪನ್ ಸತ್ತ 2004ರ ಕಾಲ, ಒಂದು ರಾತ್ರಿಯ ಕತೆ. ಓಡಿಹೋಗುವ ಪ್ರೇಮಿಗಳ ಕತೆ ಎಷ್ಟು ಬಂದಿಲ್ಲ ನಮ್ಮಲ್ಲಿ. ಆದರೆ ಇಲ್ಲಿ ಅವರಿಬ್ಬರ ಪ್ರೀತಿ ದೊಡ್ಡವರ ಕಾರ್ಯಾಚರಣೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಮಷೀನಿನಲ್ಲಿ ಬಟ್ಟೆಯ ಜೊತೆ ಬೆರಳೂ ಹೋದ ಹಾಗೆ. ರಾಣಾ, ಪ್ರಿಯಾಂಕಾ ಆಚಾರ್ ಇಬ್ಬರೂ ಹಿತವಾಗಿ ಮಾಡಿದ್ದಾರೆ. ನಮ್ಮ ಹೂವಿನವಳು ಮೊದಲರ್ಧ ನಿದ್ದೆ ಹೊಡೆದಳು, ಬೆಳಗಿನ ನಾಲ್ಕಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗುವವಳು. ಇಂಟರ್‌ವೆಲ್‌ನಲ್ಲಿ ಖಾರ ಮಂಡಕ್ಕಿ ತಿಂದು ಎಚ್ಚರ ಆದಳು. ಆಮೇಲೆ ಕಣ್ಣು ಮಿಟುಕಿಸಲಿಲ್ಲ. ಮುಗಿಯುವ ಹೊತ್ತಿಗೆ ಸೆರಗಿನಲ್ಲಿ ಮೂಗು ಒರೆಸುತ್ತಾ 'ಆ ಹುಡುಗ್ರನ್ನ ಸುಮ್ನೆ ಬಿಟ್ಟುಕಳ್ಸಿದ್ರೆ ಇವರ ಗಂಟೇನು ಹೋಗ್ತಿತ್ತಕ್ಕಾ' ಅಂತ ಇಡೀ ಥಿಯೇಟರಿಗೆ ಕೇಳುವ ಹಾಗೆ ಅಂದಳು. ಇಡೀ ಥಿಯೇಟರ್ ಅಂದರೆ ಹತ್ತು ಜನ. ಹೊರಡುವಾಗ ಉಳಿದ ಸೇವಂತಿಗೆಯನ್ನು ಮೊಳಕ್ಕೆ ಹತ್ತು ರೂಪಾಯಿ ಕಡಿಮೆ ಮಾಡಿ ಆ ಗಂಡ ಹೆಂಡತಿಗೆ ಮಾರಿದಳು.

ಆ ಹುಡುಗರು ಹೊರಗೆ ನಿಂತು ಮಾತಾಡುತ್ತಿದ್ದರು. 'ಇದು ಇಲ್ಲಿ ಹತ್ತು ದಿನದಿಂದ ಓಡ್ತಿದೆ ಅಂತ ಗೊತ್ತೇ ಇರಲಿಲ್ಲ ಕಣೋ' ಅಂತ. ನನಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಗೋಡೆ ಮೇಲೆ ಪೋಸ್ಟರ್ ಕಂಡಿದ್ದರಿಂದ ಹೋದೆ. ಎಷ್ಟೊಂದು ಜನ ಬಂದೇವು, ಎಲ್ಲಿಗೆ ಬರಬೇಕು ಅಂತ ಗೊತ್ತಾದರೆ ತಾನೆ?

'ಅಜ್ಞಾತವಾಸಿ'ಗೆ ಆ ಭಾಗ್ಯವೂ ಇರಲಿಲ್ಲ. ಏಪ್ರಿಲ್ 11ಕ್ಕೆ ಬಂದ ಚಿತ್ರ. ಜನಾರ್ದನ್ ಚಿಕ್ಕಣ್ಣ ನಿರ್ದೇಶನ, ಹೇಮಂತ್ ರಾವ್ ನಿರ್ಮಾಣ. ನಾನು ಹದಡಿ ರಸ್ತೆಯ ಗೋಡೆಯಲ್ಲಿ ಅದರ ಪೋಸ್ಟರ್ ನೋಡುವ ಹೊತ್ತಿಗೆ ಅದರ ಅರ್ಧದ ಮೇಲೆ ಬೇರೆ ಚಿತ್ರದ್ದು ಅಂಟಿಸಿ ಆಗಿತ್ತು. ರಂಗಾಯಣ ರಘು ಅವರ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ನೋಡಿದೆ. ಮಲೆನಾಡಿನ ಒಂದು ಹಳ್ಳಿ. ವರ್ಷಗಟ್ಟಲೆ ಒಂದು ಅಪರಾಧವೂ ಆಗದ ಠಾಣೆ. ಅಲ್ಲೊ‌ಂದು ಸಾವು. ರಂಗಾಯಣ ರಘು ಅಂದರೆ ನಮಗೆ ಕೂಗಾಟ, ನಗೆ. ಇಲ್ಲಿ ಅವರು ದನಿಯನ್ನೇ ಎತ್ತುವುದಿಲ್ಲ. ನೆಲ ನೋಡಿಕೊಂಡು ನಡೆಯುತ್ತಾರೆ. ಆ ನಡಿಗೆಯಲ್ಲೇ ಅರ್ಧ ಕತೆ ಇದೆ. ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾ, ಮಂಜು, ಮಳೆ, ಕತ್ತಲು. ಆದರೆ ಏನು ಮಾಡುವುದು, ಕತ್ತಲೆಯ ದೃಶ್ಯ ಬಂದಾಗಲೆಲ್ಲ ಮೊಬೈಲಿನ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಹಿಂದೆ ಕುಕ್ಕರ್ ಬೇರೆ. ಪುಸ್ತಕದಲ್ಲಿ 'ಒಳ್ಳೇ ಬಟ್ಟೆ, ನಾನೇ ಸರಿಯಾಗಿ ಉಡಲಿಲ್ಲ' ಅಂತ ಬರೆದಿದ್ದೇನೆ.

'ಮಿಥ್ಯ'ವನ್ನೂ ಹಾಗೇ ನೋಡಿದ್ದು, ಮಗಳ ಲ್ಯಾಪ್‌ಟಾಪಿನಲ್ಲಿ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿ ಕಡೆಗೆ ಬಂದು ನೆಂಟರ ಮನೆಯಲ್ಲಿ ಬೆಳೆಯುವ ಕತೆ. ಸುಮಂತ್ ಭಟ್ ನಿರ್ದೇಶನ. ಅತೀಶ್ ಶೆಟ್ಟಿ ಅನ್ನುವ ಹುಡುಗ ಅಳುವುದೇ ಇಲ್ಲ, ನಾವೇ ಅವನ ಬದಲು ಅಳಬೇಕು. 'ಸು ಫ್ರಮ್ ಸೋ'ದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಪ್ರಕಾಶ್ ತೂಮಿನಾಡು ಇಲ್ಲಿ ಆ ಮನೆಯ ಯಜಮಾನ. ಒಬ್ಬ ಮನುಷ್ಯ ಎರಡೂ ಮಾಡಬಲ್ಲ ಅಂತ ನಮಗೆ ಈ ವರ್ಷ ಗೊತ್ತಾಯಿತು.

'ಕಾಂತಾರ: ಚಾಪ್ಟರ್ 1' ಬಗ್ಗೆ ಪೋಸ್ಟರ್ ಹುಡುಕುವ ಕಷ್ಟ ಇರಲಿಲ್ಲ. ಅಕ್ಟೋಬರ್ 2, ವಿಜಯದಶಮಿ. ಊರಿಗೆ ಊರೇ ಹೋಯಿತು. ವರ್ಷಕ್ಕೆ ಒಂದೇ ಸಿನಿಮಾ ನೋಡುವ ನಮ್ಮ ಯಜಮಾನರೂ ಬಂದರು. ಅವರು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವವರು. ಸುಲಭಕ್ಕೆ ಮೆಚ್ಚುವ ಆಸಾಮಿ ಅಲ್ಲ. ಹುಲಿ ಬಂದಾಗ 'ಅದು ನಿಜದ್ದೇನೆ?' ಅಂತ ನನ್ನ ಕೈ ಹಿಡಿದರು. ಮದುವೆಯಾಗಿ ಇಪ್ಪತ್ತೈದು ವರ್ಷದ ಮೇಲೆ ಥಿಯೇಟರಿನಲ್ಲಿ ಕೈ ಹಿಡಿದದ್ದಕ್ಕೆ ರಿಷಬ್ ಶೆಟ್ಟಿ ಅವರಿಗೆ ಥ್ಯಾಂಕ್ಸ್. ಮೊದಲರ್ಧದ ತಮಾಷೆ ನನಗೆ ಹಿಡಿಸಲಿಲ್ಲ, ತೇಪೆ ಹಾಕಿದ ಹಾಗಿತ್ತು. ಮೈಮೇಲೆ ಬರುವ ಜಾಗಗಳಲ್ಲಿ ಮಾತ್ರ ರೋಮ ನಿಂತಿತು.

ನಾನು ಜಾಸ್ತಿ ನೋಡಿದ್ದು ಬಟ್ಟೆ. ವಸ್ತ್ರ ವಿನ್ಯಾಸ ಪ್ರಗತಿ ಶೆಟ್ಟಿ ಅವರದು. ಕದಂಬರ ಕಾಲ ಅಂತೀರಿ, ಆಗ ಹುಕ್ಕೆಲ್ಲಿ, ಜಿಪ್ಪೆಲ್ಲಿ? ಎಲ್ಲಾದರೂ ಮಷೀನ್ ಹೊಲಿಗೆ ಕಾಣುತ್ತದಾ ಅಂತ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಮರುವಾರದಿಂದ ಶುರುವಾಯಿತು ನೋಡಿ. ರುಕ್ಮಿಣಿ ವಸಂತ್ ಫೋಟೋ ಮೊಬೈಲಿನಲ್ಲಿ ಹಿಡಿದುಕೊಂಡು 'ಅಕ್ಕ, ಕನಕವತಿ ಥರ ಬ್ಲೌಸ್ ಬೇಕು' ಅಂತ. ದೀಪಾವಳಿಗೆ ಏಳು ಹೊಲಿದೆ. ಎರಡು ವಾಪಸ್ ಬಂದವು. ರಾಜಕುಮಾರಿಯರು ಸ್ಕೂಟಿ ಓಡಿಸುತ್ತಿರಲಿಲ್ಲ, ತೋಳು ಎತ್ತಲು ಆಗಬೇಕಲ್ಲ.

ಡಿಸೆಂಬರಿನಲ್ಲಿ 'ದಿ ಡೆವಿಲ್' ಬಂತು. 25ಕ್ಕೆ '45' ಮತ್ತು 'ಮಾರ್ಕ್' ಒಂದೇ ದಿನ ಬಂದವು. ಇವುಗಳಿಗೆ ನನ್ನ ಅಭಿಪ್ರಾಯದ ಅಗತ್ಯ ಇಲ್ಲ. ಆಟೋಗಳ ಹಿಂದೆ, ಬ್ಯಾನರ್‌ಗಳಲ್ಲಿ, ಎಲ್ಲ ಕಡೆ ಅವೇ.

ಈಗ ನನ್ನ ಕೇಳಿಕೆ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದರು. ಆಗ ದಾವಣಗೆರೆಯಲ್ಲಿ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ. ಪಾಳಿ ಮುಗಿಸಿ ಬಂದು ಪೇಪರ್ ಬಿಡಿಸಿದರೆ ಮೊದಲು ಓದುತ್ತಿದ್ದದ್ದು ಊರಿನ ಟಾಕೀಸುಗಳ ಪಟ್ಟಿ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಒಲೆ ಮುಂದೆ ಕೂತು 'ಅಶೋಕದಾಗೆ ಏನೈತಿ?' ಅಂತ ಕೇಳುವಳು. ಅಪ್ಪ ಓದುವರು. 'ಗೀತಾಂಜಲಿಯಾಗೆ?' 'ವಸಂತದಾಗೆ?' 'ಪುಷ್ಪಾಂಜಲಿ?' ಹೀಗೆ ಒಂದೊಂದೇ. ಚಿತ್ರದ ಹೆಸರು, ದಿನಾ ನಾಲ್ಕು ಆಟ, ಎಷ್ಟನೇ ವಾರ. ಅಷ್ಟೇ ಇರುತ್ತಿತ್ತು. ಅಷ್ಟೇ ಸಾಕಿತ್ತು. ನಾನು ಅಕ್ಷರ ಜೋಡಿಸಿ ಓದಿದ ಮೊದಲ ಪದಗಳಲ್ಲಿ 'ತ್ರಿಶೂಲ್' ಅನ್ನುವ ಟಾಕೀಸಿನ ಹೆಸರೂ ಒಂದು. ಆ ಒತ್ತಕ್ಷರಕ್ಕೆ ಅಪ್ಪ ಎರಡು ದಿನ ತೆಗೆದುಕೊಂಡರು.

ಈಗ ಆ ಪಟ್ಟಿ ಇಲ್ಲ. ಮಗಳು 'ಆಪ್‌ನಲ್ಲಿ ನೋಡಮ್ಮ' ಅನ್ನುತ್ತಾಳೆ. ನೋಡಿದ್ದೇನೆ. ಮಾಲ್‌ನ ಪರದೆಗಳು ಸರಿಯಾಗಿ ಬರುತ್ತವೆ. ಹಳೇ ಒಂಟಿ ಥಿಯೇಟರುಗಳು ಒಮ್ಮೆ ಇರುತ್ತವೆ, ಒಮ್ಮೆ ಇರುವುದಿಲ್ಲ. ಫೋನ್ ಮಾಡೋಣ ಅಂದರೆ ಎತ್ತುವವರು ಇಲ್ಲ. ಟಿಕೆಟ್ ಕೊಡುವವರು, ಗೇಟು ಕಾಯುವವರು, ಮಷೀನ್ ರೂಮಿನವರು ಎಲ್ಲ ಸೇರಿ ಮೂರು ಜನ ಇದ್ದರೆ ಯಾರು ತಾನೆ ಎತ್ತುತ್ತಾರೆ? ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಹತ್ತು ಜನಕ್ಕೆ ಆಟ ಹಾಕಿದವರು ಅವರು.

ಸೆಪ್ಟೆಂಬರಿನಲ್ಲಿ ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ಸರ್ಕಾರ ಆದೇಶ ಮಾಡಿತು. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನೀವು ಅದನ್ನು ಮುಖಪುಟದಲ್ಲಿ ದೊಡ್ಡಕ್ಷರದಲ್ಲಿ ಹಾಕಿದಿರಿ. ಸರಿ. ಆದರೆ ನಾನು ಹೋಗುವ ಥಿಯೇಟರಿನಲ್ಲಿ ಬಾಲ್ಕನಿಯೇ ಅದಕ್ಕಿಂತ ಕಡಿಮೆ. ನಮಗೆ ಟಿಕೆಟ್ ದುಬಾರಿ ಆಗಿಲ್ಲ. ಸುದ್ದಿ ಸಿಗುತ್ತಿಲ್ಲ.

ಪ್ರತಿ ಶುಕ್ರವಾರ 'ಇಂದು ರಾಜ್ಯಾದ್ಯಂತ ಬಿಡುಗಡೆ' ಅಂತ ಬರೆಯುತ್ತೀರಿ. ದಾವಣಗೆರೆ ರಾಜ್ಯದ ನಟ್ಟನಡುವೆ ಇದೆ ಸ್ವಾಮಿ. ಆ 'ಆದ್ಯಂತ'ದಲ್ಲಿ ನಾವು ಇದ್ದೀವೋ ಇಲ್ಲವೋ ಅಂತ ಒಂದು ಸಾಲು ಹಾಕಿ. ಜಿಲ್ಲಾ ಪುಟದಲ್ಲೇ ಹಾಕಿ, ಬೆಂಗಳೂರಿನವರಿಗೆ ತೊಂದರೆ ಬೇಡ. ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ. ಥಿಯೇಟರ್ ಹೆಸರು, ಚಿತ್ರ, ಆಟದ ಟೈಮು, ಎಷ್ಟನೇ ವಾರ. ಬೆಣ್ಣೆ ದೋಸೆ ಹೋಟೆಲಿನ ಜಾಹೀರಾತಿಗಿಂತ ಸಣ್ಣ ಜಾಗ ಸಾಕು. ಗುರುವಾರವೇ ಕೊನೆಯ ಆಟ ಅಂತ ಇದ್ದರೆ ಅದನ್ನೂ ಹೇಳಿ, ಓಡಿಹೋಗಿಯಾದರೂ ನೋಡುತ್ತೇವೆ. ಥಿಯೇಟರಿನಿಂದ ಮಾಹಿತಿ ತರುವವರು ಯಾರು ಅಂತ ಕೇಳಿದರೆ ನಿಮ್ಮ ಇಲ್ಲಿನ ವರದಿಗಾರರ ಮನೆಯವರು ನನ್ನ ಗಿರಾಕಿ. ಬ್ಲೌಸ್ ಕೊಡುವಾಗ ಚೀಟಿ ಬರೆದು ಕಳಿಸುತ್ತೇನೆ.

ಇನ್ನೂ ಒಂದು. ವರ್ಷದ ಕೊನೆಯ ಪಟ್ಟಿ ಮಾಡುವವರು ಒಂದೇ ಒಂದು ಚಿತ್ರವನ್ನಾದರೂ ನಮ್ಮೂರಿನಲ್ಲಿ ಸೋಮವಾರ ಮಧ್ಯಾಹ್ನ ಬಂದು ನೋಡಲಿ. ಪ್ರೀಮಿಯರ್ ಶೋನಲ್ಲಿ ಕಾಣದ್ದು ಕಾಣಬಹುದು. ಬರುವುದಾದರೆ ಮೊದಲೇ ತಿಳಿಸಿ. ಹತ್ತರಲ್ಲಿ ಒಬ್ಬರು ಕಡಿಮೆ ಹುಡುಕಬೇಕಾಗುತ್ತದೆ.

ಈಗ ಧನುರ್ಮಾಸ. ಸಂಕ್ರಾಂತಿವರೆಗೆ ಕೈ ಖಾಲಿ. ನಿನ್ನೆ ಹೂವಿನವಳು ಬುಟ್ಟಿ ಇಳಿಸುತ್ತಾ ಕೇಳಿದಳು, 'ಅಕ್ಕಾ, ಈ ಸೋಮವಾರ ಎಲ್ಲಿ ಜನ ಕಡಿಮೆ ಐತಿ?' ಅಂತ. ಯಾವ ಥಿಯೇಟರ್ ಅಂತ ಹೇಳಲಿ, ಶುಕ್ರವಾರದ ಪೇಪರ್ ಬಂದಮೇಲೆ ಹೇಳ್ತೀನಿ ಅಂದಿದ್ದೇನೆ.

ಇಂತಿ,
ವಿನೋಬನಗರದ ಲೇಡೀಸ್ ಟೈಲರ್
ದಾವಣಗೆರೆ